ಹೊಸ ಬಟ್ಟೆ ಬೇಕು, ಹೊಸ ಸಾಲ ಬೇಡ



ಹಾಸ್ಟೆಲಿನಲ್ಲಿ ಓದಿ, ಡಿಗ್ರಿ ಮುಗಿಸಿ, ಸಣ್ಣದೊಂದು ನೌಕರಿ ಹಿಡಿದ ಕೂಡಲೇ ಮನೆಯಲ್ಲಿ ಮದುವೆಯ ಮಾತು ಏಳುತ್ತದೆ. ಮಾರನೇ ದಿನವೇ ಬಟ್ಟೆಯ ಮಾತು. ಧಾರೆ ಸೀರೆ ಎಷ್ಟರದ್ದು? ಗಂಡಿಗೆ ಸೂಟೋ, ಶೇರ್ವಾನಿಯೋ? ಬೂಟು ಯಾವ ಕಂಪನಿಯದು? "ಸೀರೆ, ಚಪ್ಪಲಿಗೂ ಒಂದು ಸಂಪಾದಕೀಯವೇನ್ರಪ್ಪಾ?" ಅಂತ ಕೇಳುವವರಿದ್ದಾರೆ. ಹೌದು, ಬೇಕು. ನಮ್ಮ ಜನ ಏನು ಉಡಬೇಕು, ಏನು ಮೆಟ್ಟಬೇಕು ಅನ್ನೋದನ್ನ ಈ ದೇಶದಲ್ಲಿ ಬಹಳ ಕಾಲ ಬೇರೆಯವರೇ ತೀರ್ಮಾನ ಮಾಡಿದ್ದಾರೆ.

ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡಿ. ಚಂಡಾಲರು ಹೆಣದ ಮೇಲಿನ ಬಟ್ಟೆ ಉಡಬೇಕು, ಕಬ್ಬಿಣದ ಒಡವೆ ತೊಡಬೇಕು ಅಂತ ಬರೆದಿದೆ. ಇದು ಓಬೀರಾಯನ ಕಾಲದ ಮಾತು ಅನ್ನಬೇಡಿ. 1928ರಲ್ಲಿ ವರದಿಯಾದ ಇಂದೋರ್ ಸೀಮೆಯ ಸಂಗತಿಯನ್ನು ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಎತ್ತಿ ತೋರಿಸಿದ್ದಾರೆ. ಅಲ್ಲಿನ ಬಲಾಯಿ ಜನ ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದಂಚಿನ ಧೋತರ ಉಡಬಾರದು, ಹೆಂಗಸರು ಚಿನ್ನ ಬೆಳ್ಳಿ ಇಡಬಾರದು. ಇದು ಸವರ್ಣೀಯರ ಕಟ್ಟಳೆ. ಕುದುರೆ ಏರಿದ ದಲಿತ ಮದುಮಗನ ಮೇಲೆ ಕಲ್ಲು ಬೀಳುವ ಸುದ್ದಿ ರಾಜಸ್ಥಾನ, ಗುಜರಾತುಗಳಿಂದ ಈಗಲೂ ಬರುತ್ತಲೇ ಇದೆ.

ಆದ್ದರಿಂದ ಸರಳ ಮದುವೆ ಅಂದರೆ ಹರಕು ಬಟ್ಟೆ ಎಂಬ ಉಪದೇಶ ನಮಗೆ ಬೇಡ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದೇನು? ಜಾತಿಯ ಗುರುತು ಹೇಳುವ ರೀತಿಯಲ್ಲಿ ಸೀರೆ ಉಡಬೇಡಿ, ಮೈಮೇಲೆ ಹೇರಿಕೊಂಡ ಆ ಭಾರದ ಒಡವೆ ಬಿಡಿ, ಚೊಕ್ಕಟವಾಗಿರಿ ಅಂತ. ದುಬಾರಿ ಬಟ್ಟೆ ಉಡಿ ಅನ್ನಲಿಲ್ಲ, ತಲೆ ಎತ್ತಿ ನಡೆಯುವ ಹಾಗೆ ಉಡಿ ಅಂದರು. ಚೆನ್ನಾಗಿ ಉಡುವುದು ನಮ್ಮ ಹಕ್ಕು.

ಆದರೆ ಸಾಲ? ನಮ್ಮ ಕೇರಿಗಳಲ್ಲಿ ಎಷ್ಟು ಜೀತಗಳು ಮದುವೆ ಸಾಲದಿಂದ ಹುಟ್ಟಿದವು ಅಂತ ಅಜ್ಜಂದಿರನ್ನು ಕೇಳಿ. 1976ರ ಜೀತ ನಿರ್ಮೂಲನ ಕಾಯ್ದೆಯೇ ಸಂಪ್ರದಾಯದ, ಸಮಾಜದ ಕಟ್ಟುಪಾಡಿಗಾಗಿ ಬಿದ್ದ ಜೀತವನ್ನೂ ಹೆಸರಿಸಿ ನಿಷೇಧಿಸಿದೆ. ಈಗ ಸಾಲಕ್ಕೆ ಗೌಡನ ಹಟ್ಟಿಗೇ ಹೋಗಬೇಕು ಅಂತಿಲ್ಲ. ಮೀಟರ್ ಬಡ್ಡಿ ಇದೆ, ವಾರದ ಕಂತು ಇದೆ, ಮೊಬೈಲಿನಲ್ಲೇ ಸಿಗುವ ಸಾಲ ಇದೆ. ಒಂದು ದಿನ ಉಟ್ಟ ಸೀರೆಗೆ ಎರಡು ವರ್ಷ ದುಡಿಯೋದು ಯಾವ ಸ್ವಾಭಿಮಾನ?

ಹಾಗಾದರೆ ಆರಿಸೋದು ಹೇಗೆ? ಅಂಗಡಿಗೆ ಹೋಗುವ ಮೊದಲೇ ಹೆಣ್ಣು ಗಂಡು ಇಬ್ಬರೂ ಕೂತು ಒಂದು ಮೊತ್ತ ಬರೆದಿಡಿ. ಅದು ಕೈಯಲ್ಲಿರುವ ದುಡ್ಡಾಗಿರಲಿ. ಅಂಗಡಿಯವನು ಗಾದಿಯ ಮೇಲೆ ಹತ್ತು ಸೀರೆ ಹರಡಿದ ಮೇಲೆ ಲೆಕ್ಕ ಹಾಕಿದರೆ ಅವನೇ ಗೆಲ್ಲುತ್ತಾನೆ.

ರೇಷ್ಮೆಯೇ ಬೇಕು ಅಂದರೆ ಸಿಲ್ಕ್ ಮಾರ್ಕ್ ಚೀಟಿ ನೋಡಿ ಕೊಳ್ಳಿ. ಅನುಮಾನ ಬಂದರೆ ಅಂಚಿನ ಒಂದೆಳೆ ಸುಟ್ಟು ನೋಡಿ. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಹೊಡೆಯುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ ಗುಂಡಾಗಿ ನಿಂತರೆ ಅದು ಪಾಲಿಯೆಸ್ಟರು. ಅಷ್ಟು ದುಡ್ಡಿಲ್ಲವಾ? ಇಳಕಲ್ ಸೀರೆ ಇದೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ ಇಲ್ಲವೇ ಕೃತಕ ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಜೊತೆಗೆ ಗುಳೇದಗುಡ್ಡದ ಖಣದ ರವಿಕೆ. ಮದುವೆ ಮನೆಗೂ ಸೈ, ಮುಂದೆ ಶಾಲೆಗೆ ಪಾಠ ಮಾಡೋಕೆ ಹೋಗುವಾಗಲೂ ಸೈ. ರವಿಕೆ ಹೊಲಿಸುವಾಗ ಒಳಗೆ ಒಂದಿಂಚು ಬಟ್ಟೆ ಬಿಡಿಸಿ. ನಾಳೆ ಮೈ ತುಂಬಿಕೊಂಡರೆ ಬಿಚ್ಚಿ ಹೊಲಿಯಬಹುದು.

ಗಂಡಿಗೆ ಒಂದು ಒಳ್ಳೇ ಪ್ಯಾಂಟು, ಒಂದು ಬಿಳಿ ಅಂಗಿ ಸಾಕು. ನಾಳೆ ಇಂಟರ್‌ವ್ಯೂಗೂ ಅದೇ ಆಗುತ್ತದೆ. ಸೂಟಿನ ಆಸೆ ಇದ್ದರೆ ಒಂದು ದಿನದ ಬಾಡಿಗೆಗೆ ಸಿಗುತ್ತದೆ, ನಾಚಿಕೆ ಬೇಡ. ಆದರೆ ಒಂದು ಮಾತು, ಹುಡುಗರೇ. ಸೂಟು, ಬೂಟು, ವಾಚು ಹೆಣ್ಣಿನ ಕಡೆಯವರೇ ಕೊಡಬೇಕು ಅಂತ ಕೇಳೋದು ವರದಕ್ಷಿಣೆ. 1961ರಿಂದ ಅದು ಅಪರಾಧ. ಕೂಲಿ ಮಾಡಿ ಮಗಳನ್ನು ಓದಿಸಿದ ಮಾವನ ದುಡ್ಡಿನ ಸೂಟು ಹಾಕ್ಕೊಂಡು ಅಂಬೇಡ್ಕರ್ ಫೋಟೋದ ಮುಂದೆ ನಿಲ್ಲಬೇಡಿ. 1948ರ ಏಪ್ರಿಲ್ 15ರಂದು ಅವರು ದೆಹಲಿಯ ತಮ್ಮ ಮನೆಯಲ್ಲೇ ರಿಜಿಸ್ಟರ್ ಮದುವೆ ಆದವರು.

ಇನ್ನು ಮೆಟ್ಟು. ಚಪ್ಪರದೊಳಗೆ ಕಾಲಿಡುವಾಗ ಬಿಚ್ಚಿಡುವ ಬೂಟಿಗೆ ಸಾವಿರಾರು ರೂಪಾಯಿ ಯಾಕೆ? ಅದನ್ನು ನೋಡೋದು ಬಾಗಿಲಲ್ಲಿ ಮಲಗಿದ ನಾಯಿ ಮಾತ್ರ. ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ಮಾಡುವ ಕೊಲ್ಹಾಪುರಿ ತಗೊಳ್ಳಿ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಈ ನಾಲ್ಕು ಜಿಲ್ಲೆಗಳಿಗೂ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ 2019ರಲ್ಲಿ ಅದರ ಭೌಗೋಳಿಕ ಗುರುತು ಸಿಕ್ಕಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಮೇಳದಲ್ಲಿ ಇದೇ ರೂಪದ ಮೆಟ್ಟು ಮೆರೆಸಿತು. ಯಾರ ಕೈಕೆಲಸ ಅಂತ ಮೊದಲು ಹೇಳಲಿಲ್ಲ, ಗದ್ದಲ ಎದ್ದ ಮೇಲೆ ಒಪ್ಪಿಕೊಂಡಿತು. ಚರ್ಮ ಹದ ಮಾಡಿದವನನ್ನು ಊರ ಹೊರಗಿಟ್ಟು, ಅವನು ಮಾಡಿದ ಚಪ್ಪಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಲೋಕ ಇದು. ನಾವಾದರೂ ಚೌಕಾಸಿ ಮಾಡದೆ ಅವನಿಂದಲೇ ಕೊಳ್ಳೋಣ. ಸಂಜೆ ಹೊತ್ತು ಮೆಟ್ಟಿ ನೋಡಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಎಣ್ಣೆ ಸವರಿ ನಾಲ್ಕು ದಿನ ಮನೆಯಲ್ಲೇ ಹಾಕ್ಕೊಂಡು ಓಡಾಡಿ. ಮದುವೆ ದಿನ ಕಚ್ಚೋದಿಲ್ಲ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದರು ಅಂತ ಶರಣರ ಕತೆ ಹೇಳುತ್ತದೆ. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕೆ ಅಪ್ಪಂದಿರಿಬ್ಬರೂ ಜೀವ ತೆತ್ತರು, ಕಲ್ಯಾಣವೇ ಹೊತ್ತಿ ಉರಿಯಿತು. ಆ ಹೆಣ್ಣು ಅವತ್ತು ಯಾವ ಸೀರೆ ಉಟ್ಟಿದ್ದಳು, ಎಷ್ಟು ಕೊಟ್ಟು ತಂದರು ಅಂತ ಯಾರಿಗೂ ನೆನಪಿಲ್ಲ. ಆ ಮದುವೆಯನ್ನು ಮಾತ್ರ ಎಂಟು ನೂರು ವರ್ಷವಾದರೂ ನಾಡು ಮರೆತಿಲ್ಲ.

ಚೆನ್ನಾಗಿ ಉಡಿ. ನಿಮ್ಮ ದುಡ್ಡಲ್ಲಿ ಉಡಿ. ಮಾರನೇ ಬೆಳಿಗ್ಗೆ ಸಾಲಗಾರ ಬಾಗಿಲು ತಟ್ಟದ ಹಾಗೆ ಉಡಿ.