ಪಿತ್ತಕೋಶದಲ್ಲಿ ಕಲ್ಲು: ಆಪರೇಷನ್ ಈಗಲೇ ಬೇಕಾ, ಕಾಯಬಹುದಾ?

ಭದ್ರಾವತಿ: ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿಕೊಂಡೇ ಅಂಗಡಿ ನಡೆಸುವವರು ನಮ್ಮಲ್ಲಿ ಕಡಿಮೆ ಇಲ್ಲ. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ತೆಗೆಸೋದಾ, ಬಿಡೋದಾ?

ಕಲ್ಲಿದ್ದರೂ ನೋವೇ ಇಲ್ಲ ಅಂದ್ರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗಲ್ಲ. ಆದರೆ ಊಟದ ನಂತರ ಬಲ ಪಕ್ಕೆಯ ಕೆಳಗೆ ಪದೇ ಪದೇ ನೋವು ಬರ್ತಿದ್ರೆ ಮುಂದೂಡೋದು ಸರಿಯಲ್ಲ. ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ನೋವಿನ ಜೊತೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಲ್ಯಾಪ್ರೋಸ್ಕೋಪಿ ಆದರೆ, ತೊಂದರೆ ಇಲ್ಲದಿದ್ದಲ್ಲಿ 1–2 ದಿನಕ್ಕೆ ಡಿಸ್ಚಾರ್ಜ್. ಮೂಟೆ ಎತ್ತೋ ಕೆಲಸಕ್ಕೆ ಮಾತ್ರ ಕೆಲವು ವಾರ ಬಿಡುವು ಬೇಕು.

ಖರ್ಚಿನ ಲೆಕ್ಕ ಏನು?
ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ.30 ಮಾತ್ರ, ಮಿತಿ 1.5 ಲಕ್ಷ ರೂ. ಹಾಗಾಗಿ ಮೊದಲು ತಾಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಹೋಗಿ ತೋರಿಸಿ. ತುರ್ತು ಇಲ್ಲದಾಗ ರೆಫರಲ್ ಇಲ್ಲದೆ ಖಾಸಗಿಗೆ ಸೇರಿ, ಆಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ.

ನೋವಿದ್ದವರು ಅಂಗಡಿ ಮುಚ್ಚೋ ದಿನವನ್ನ ತಾವೇ ಆರಿಸಿಕೊಳ್ಳೋದು ವಾಸಿ. ನೋವಿಗೆ ಬಿಟ್ಟರೆ ಅದು ದೀಪಾವಳಿ ವ್ಯಾಪಾರದ ದಿನವೇ ಬರಬಹುದು.