ಊಟಕ್ಕೆ ಕೂರಲು ಜಾಗ ಕೊಡಿ, ಭಾಷಣ ಆಮೇಲೆ

ಕಾಲೇಜು ವಾರ್ಷಿಕೋತ್ಸವದ ವರದಿಗೆ ಹೋದಾಗಲೆಲ್ಲ ನಮಗೆ ಒಂದೇ ಭಾಷಣ ಕೇಳಿಸುತ್ತದೆ: ಈಗಿನ ಹುಡುಗರು ಮೊಬೈಲಿನಲ್ಲೇ ಮುಳುಗಿದ್ದಾರೆ, ಒಬ್ಬರೊಡನೊಬ್ಬರು ಬೆರೆಯುವುದಿಲ್ಲ. ನಾವೂ ಅದನ್ನೇ ಬರೆದು ಕಳಿಸುತ್ತೇವೆ. ಈ ಸಲ ಭಾಷಣ ಬಿಟ್ಟು, ಯಾದಗಿರಿ ಕಡೆಯ ಒಂದು ಕಾಲೇಜಿನಲ್ಲಿ ಮಧ್ಯಾಹ್ನದ ಊಟದ ಹೊತ್ತು ನೋಡುತ್ತ ನಿಂತೆವು. ಹೆಸರು ಬೇಡ, ಇದು ಒಂದೇ ಕಾಲೇಜಿನ ಕಥೆಯಲ್ಲ.

ಗಂಟೆ ಬಾರಿಸಿತು. ರಾಮಸಮುದ್ರದ ಕಡೆಯಿಂದ ಬಸ್ಸಿಗೆ ಬರುವ ಹುಡುಗಿಯರು ಪಾಠದ ಕೋಣೆಯಲ್ಲೇ ಬಾಗಿಲು ಮುಂದೆ ಮಾಡಿಕೊಂಡು ಬುತ್ತಿ ಬಿಚ್ಚಿದರು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಹುಡುಗರು ಒಂದು ದಿಕ್ಕಿಗೆ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಹುಡುಗರು ಇನ್ನೊಂದು ದಿಕ್ಕಿಗೆ ನಡೆದರು. ಕೈಯಲ್ಲಿ ರೊಕ್ಕ ಇದ್ದವರು ಮಿರ್ಚಿ ಅಂಗಡಿಗೆ ಹೋದರು. ಉಳಿದ ಐದಾರು ಮಂದಿ ಬೇವಿನ ಗಿಡದ ಕೆಳಗೆ ಮೊಬೈಲ್ ಹಿಡಿದು ಕೂತರು.

"ಊಟ ಆತೇನ್ರೋ?" ಎಂದೆವು.

"ಹಸಿವಿಲ್ರಿ ಸರ್."

ವೇದಿಕೆಯವರು ಬೈಯುವುದು ಇವರನ್ನೇ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದ ಮನೆಯಲ್ಲಿ ಬುತ್ತಿ ಕಟ್ಟುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇದೇ ಹುಡುಗರು ಹತ್ತನೇ ತರಗತಿವರೆಗೆ ಒಂದೇ ಸಾಲಿನಲ್ಲಿ ಕೂತು ಬಿಸಿಯೂಟ ಉಂಡವರು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ನಮ್ಮ ಈ ಭಾಗದ ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಮೊದಲು ಬಂದ ಜಿಲ್ಲೆಗಳಲ್ಲೂ ಯಾದಗಿರಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿದ ಮರುದಿನ ಆ ತಟ್ಟೆಯೂ ಇಲ್ಲ, ಆ ಸಾಲೂ ಇಲ್ಲ. ಹದಿನಾರಕ್ಕೆ ಹಸಿವು ನಿಲ್ಲುತ್ತದೆಯೇ? ಜಾತಿ ನಿಲ್ಲುತ್ತದೆಯೇ?

ಹಾಸ್ಟೆಲ್ ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಅವು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಪದವಿಯ ಮುಖ ನೋಡುತ್ತಿರಲಿಲ್ಲ. ಆದರೆ ರಾತ್ರಿ ಇಲಾಖೆವಾರು ಮಲಗುವವರು ಮಧ್ಯಾಹ್ನವಾದರೂ ಒಟ್ಟಿಗೆ ಉಣ್ಣಲಿ.

"ಬೇರೆ ಬೇರೆ ಕೂರುವುದು ಅವರವರ ಇಷ್ಟ" ಎನ್ನುವವರಿದ್ದಾರೆ. ಕೂರಲು ಜಾಗವೇ ಇಲ್ಲದ ಕಡೆ ಇಷ್ಟದ ಮಾತೆಲ್ಲಿಯದು? "ಊಟದ ಹಾಲ್ ಕಟ್ಟಿದರೆ ಜಾತಿ ಹೋಗುತ್ತದೆಯೇ?" ಎಂದೂ ಕೇಳುತ್ತಾರೆ. ಹೋಗುವುದಿಲ್ಲ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಸಹಭೋಜನ ನಡೆಸಿದಾಗ ಅವರ ಸ್ವಂತ ಸಮುದಾಯದವರೇ ಸಿಟ್ಟಾದರು. ದಲಿತ ಮಹಿಳೆ ಅಡುಗೆ ಮಾಡಿದರೆಂದು ಶಾಲೆಯಲ್ಲಿ ಮಕ್ಕಳ ಊಟ ಬಿಡಿಸಿದ ಸುದ್ದಿ ನಮ್ಮ ರಾಜ್ಯದಲ್ಲೇ ಬಂದಿದೆ. ಆದರೆ ಅದು ಸುದ್ದಿಯಾದದ್ದು ಅಲ್ಲೊಂದು ಪಂಕ್ತಿ ಇದ್ದುದರಿಂದ. ಪಂಕ್ತಿ ಇದ್ದರೆ ಎದ್ದು ಹೋದವರು ಯಾರೆಂದು ಕಾಣುತ್ತದೆ, ಕೇಳಬಹುದು. ಪಂಕ್ತಿಯೇ ಇಲ್ಲದ ಕಾಲೇಜಿನಲ್ಲಿ ಯಾರೂ ಎದ್ದು ಹೋಗಬೇಕಾಗಿಲ್ಲ. ಎಲ್ಲವೂ ಸೌಹಾರ್ದವಾಗಿದೆ ಎಂದು ವರದಿ ಬರೆಯಬಹುದು.

ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಸರ್ಕಾರಿ ಕಾಲೇಜಿಗೆ ನೆರಳಿನ ಒಂದು ಹಾಲ್, ಕುಡಿಯುವ ನೀರು, ಕೈ ತೊಳೆಯಲು ನಲ್ಲಿ, ಬೇಕೆಂದವರಿಗೆ ಒಂದು ಹೊತ್ತಿನ ಬಿಸಿಯೂಟ. 371(ಜೆ) ಇದೆ, ಅದರಡಿ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಎಂದು ಹೆಸರಿಟ್ಟವರಿಗೆ ದಾಸೋಹದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ವಾರ್ಷಿಕೋತ್ಸವಕ್ಕೆ ಬರುವ ಮುಖ್ಯ ಅತಿಥಿಗಳು ಒಂದು ತಾಸು ಮೊದಲೇ ಬರಲಿ. ಬೇವಿನ ಗಿಡದ ಕೆಳಗೆ ಕೂತು, "ಊಟ ಆತೇನ್ರೋ?" ಎಂದು ಕೇಳಲಿ. ಆಮೇಲೆ ಮೊಬೈಲ್ ಬಗ್ಗೆ ಎಷ್ಟು ಬೇಕಾದರೂ ಮಾತಾಡಲಿ, ನಾವು ಬರೆದುಕೊಳ್ಳುತ್ತೇವೆ.