ಕಟ್ಟಲು ನೂರು ಕೋಟಿ, ಕಾಯಲು ಸೊನ್ನೆ

1985ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿನ ಶತಮಾನೋತ್ಸವ ಅಧಿವೇಶನಕ್ಕೆಂದು ಮುಂಬಯಿಗೆ ಬಂದ ಪ್ರಧಾನಿ ರಾಜೀವ್ ಗಾಂಧಿ, ಈ ನಗರದ ವಸತಿಗಾಗಿ ನೂರು ಕೋಟಿ ರೂಪಾಯಿ ಅನುದಾನ ಪ್ರಕಟಿಸಿದರು. ಅದರಲ್ಲಿ 37 ಕೋಟಿ ಧಾರಾವಿಯ ಪಾಲಾಯಿತು. ಉಳಿದ ಹಣ ದಕ್ಷಿಣ ಮುಂಬಯಿಯ ಶಿಥಿಲ ಚಾಳುಗಳ ಮರುನಿರ್ಮಾಣಕ್ಕೆ, ಇತರೆಡೆಯ ಝೋಪಡಪಟ್ಟಿಗಳ ಸುಧಾರಣೆಗೆ ಹೋಯಿತು. ಪ್ರಧಾನಮಂತ್ರಿ ಅನುದಾನ ಯೋಜನೆ ಎಂಬ ಉದ್ದದ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಆದರೆ ‘ಪಿಎಂಜಿಪಿ ಕಾಲೊನಿ’ ಎಂದರೆ ಧಾರಾವಿಯಲ್ಲೂ ಮಾನ್‌ಖುರ್ದ್‌ನಲ್ಲೂ ಜೋಗೇಶ್ವರಿಯಲ್ಲೂ ರಿಕ್ಷಾದವರಿಗೆ, ಟ್ಯಾಕ್ಸಿಯವರಿಗೆ ತಟ್ಟನೆ ಗೊತ್ತಾಗುತ್ತದೆ. ಜೋಗೇಶ್ವರಿ ಪೂರ್ವದ ಪೂನಂ ನಗರದಲ್ಲಿ ಈ ಹಣದಿಂದ 1990ರ ಆಸುಪಾಸಿನಲ್ಲಿ ಎದ್ದ 17 ಕಟ್ಟಡಗಳ 984 ಘಟಕಗಳು ಇವತ್ತು ವಾಸಕ್ಕೆ ಯೋಗ್ಯವಲ್ಲದ ಸ್ಥಿತಿ ತಲುಪಿವೆ. ಅವನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸವನ್ನು ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾ ಕೈಗೆತ್ತಿಕೊಂಡಿದೆ. ದಕ್ಷಿಣ ಮುಂಬಯಿಯಲ್ಲಿ ಇದೇ ಅನುದಾನದಿಂದ ಮರುನಿರ್ಮಾಣವಾದ 66 ಕಟ್ಟಡಗಳದ್ದೂ ಹೆಚ್ಚುಕಡಿಮೆ ಅದೇ ಪಾಡು. ಬ್ರಿಟಿಷರ ಕಾಲದ ಹಳೆಯ ಚಾಳುಗಳು ನೂರು ವರ್ಷ ತಡೆದುಕೊಂಡ ಊರಿನಲ್ಲಿ, ಅವುಗಳ ಬದಲಿಗೆ ಬಂದ ಸಿಮೆಂಟು ಕಟ್ಟಡಗಳಿಗೆ ಮೂವತ್ತು-ಮೂವತ್ತೈದು ವರ್ಷ ನಿಲ್ಲುವುದೂ ಕಷ್ಟವಾಯಿತು.

ಇದಕ್ಕೆ ಕಾರಣ ಕೇಳಿದರೆ ಥಟ್ಟನೆ ಬರುವ ಉತ್ತರ ‘ಗುತ್ತಿಗೆದಾರ ನುಂಗಿದ’ ಎಂಬುದು. ನುಂಗಿರಬಹುದು. ಆದರೆ ಪ್ರಾಮಾಣಿಕ ಗುತ್ತಿಗೆದಾರ ಕಟ್ಟಿದ ಮನೆಯೂ ಮುಂಬಯಿಯ ನಾಲ್ಕು ತಿಂಗಳ ಮಳೆ, ಉಪ್ಪುಗಾಳಿಗಳ ಎದುರು ದುರಸ್ತಿಯಿಲ್ಲದೆ ನಿಲ್ಲುವುದಿಲ್ಲ. ಗಚ್ಚಿಯಲ್ಲಿ ಒಮ್ಮೆ ಬಿರುಕು ಬಿಟ್ಟರೆ ನೀರು ಒಳಗಿನ ಕಬ್ಬಿಣಕ್ಕೆ ತಾಗುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಒಡೆದುಕೊಂಡು ಹೊರಗಿಣುಕುತ್ತದೆ. ಮೊದಲ ವರ್ಷ ಒಂದು ಕೈ ವಾಟರ್‌ಪ್ರೂಫಿಂಗ್‌ನಲ್ಲಿ ಮುಗಿಯಬಹುದಾದ ಕೆಲಸ ಹದಿನೈದನೆಯ ವರ್ಷಕ್ಕೆ ಕಂಬಗಳಿಗೇ ಕವಚ ಕಟ್ಟುವ ಮಟ್ಟಕ್ಕೆ ಬರುತ್ತದೆ. ನನ್ನ ವಾದ ಇಷ್ಟೇ: ನಮ್ಮ ಅನುದಾನಗಳ ದೊಡ್ಡ ದೋಷ ಮೊತ್ತ ಸಾಲದಿರುವುದಲ್ಲ, ಸೋರಿಕೆಯೂ ಅಲ್ಲ. ಕಟ್ಟುವ ಖರ್ಚನ್ನಷ್ಟೇ ಲೆಕ್ಕ ಹಿಡಿದು ಕಾಯುವ ಖರ್ಚನ್ನೂ, ಆ ಖರ್ಚು ಮಾಡುವ ಅಧಿಕಾರವನ್ನೂ ಅಲ್ಲಿ ಬಾಳುವವರ ಕೈಗೆ ಕೊಡದೆ ಹೋಗುವುದು ಅದಕ್ಕಿಂತ ದೊಡ್ಡ ದೋಷ. ಮನೆ, ಶೌಚಾಲಯ, ಚರಂಡಿ, ಗುಡ್ಡದ ತಡೆಗೋಡೆ, ಯಾವುದಕ್ಕೇ ಆಗಲಿ ಈ ಮಾತು ಒಪ್ಪುತ್ತದೆ.

ಸ್ವಂತ ಫ್ಲಾಟಿನಲ್ಲಿರುವ ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹಾರಾಷ್ಟ್ರದ ಸಹಕಾರಿ ವಸತಿ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ, ಕಟ್ಟಡದ ನಿರ್ಮಾಣ ವೆಚ್ಚದ ಕನಿಷ್ಠ ಶೇ 0.75ರಷ್ಟನ್ನು ಪ್ರತಿವರ್ಷ ದುರಸ್ತಿ ನಿಧಿಗೂ ಶೇ 0.25ರಷ್ಟನ್ನು ಸಿಂಕಿಂಗ್ ಫಂಡಿಗೂ ಸದಸ್ಯರಿಂದ ಕೂಡಿಸಬೇಕು. ಅಂದರೆ, ಹತ್ತು ಲಕ್ಷ ರೂಪಾಯಿಯಲ್ಲಿ ಕಟ್ಟಿದ ಒಂದು ಮನೆಗೆ ವರ್ಷಕ್ಕೆ ಹತ್ತು ಸಾವಿರ. ಈಗ ಇದೇ ನಗರದ ಝೋಪಡಪಟ್ಟಿ ಪುನರ್ವಸತಿ ಕಟ್ಟಡಗಳ ಲೆಕ್ಕ ನೋಡಿ. ನಿವಾಸಿಗಳ ಸೊಸೈಟಿಯ ನಿರ್ವಹಣೆಗೆಂದು ಬಿಲ್ಡರ್ ಇಡಬೇಕಾದ ಇಡಗಂಟು ಈಚಿನ ತನಕ ಮನೆಯೊಂದಕ್ಕೆ 40,000 ರೂಪಾಯಿ ಆಗಿತ್ತು. ಶೇ 7ರ ಬಡ್ಡಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅಸಲನ್ನು ಮುಟ್ಟದಿದ್ದರೆ ವರ್ಷಕ್ಕೆ ಬರುವುದು 2,800 ರೂಪಾಯಿ, ತಿಂಗಳಿಗೆ 233. ಇಷ್ಟರಲ್ಲಿ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ, ಕಸ, ಕಾವಲು ಎಲ್ಲ ನಡೆಯಬೇಕಿತ್ತು. ಉಳ್ಳವರ ಕಟ್ಟಡಕ್ಕೆ ಕಾನೂನು ಯಾವ ಎಚ್ಚರ ಕಲಿಸಿತೋ ಆ ಎಚ್ಚರವನ್ನು ಇಲ್ಲದವರ ಕಟ್ಟಡದ ಮಟ್ಟಿಗೆ ಮರೆತಿತು. ಆಮೇಲೆ ಲಿಫ್ಟು ನಿಂತಾಗ ‘ಪುಕ್ಕಟೆ ಮನೆ ಸಿಕ್ಕಿದರೂ ಇವರಿಗೆ ಇಟ್ಟುಕೊಳ್ಳಲು ಬರುವುದಿಲ್ಲ’ ಎಂಬ ಮಾತು ಹೊರಡುತ್ತದೆ.

ಇಟ್ಟುಕೊಳ್ಳಲು ಬರುತ್ತದೆಯೋ ಇಲ್ಲವೋ ಎಂಬುದಕ್ಕೆ ಮುಂಬಯಿಯಲ್ಲೇ ಒಂದು ದೊಡ್ಡ ಪರೀಕ್ಷೆ ನಡೆದಿದೆ. 1995ರಲ್ಲಿ ಶುರುವಾದ ವಿಶ್ವಬ್ಯಾಂಕ್ ನೆರವಿನ ಮುಂಬಯಿ ಒಳಚರಂಡಿ ಯೋಜನೆಯ ಒಂದು ಸಣ್ಣ ಭಾಗವಾಗಿ ಝೋಪಡಪಟ್ಟಿ ನೈರ್ಮಲ್ಯ ಕಾರ್ಯಕ್ರಮ ಬಂತು. ಅಲ್ಲಿಯ ತನಕ ಪಾಲಿಕೆಯೋ ಮ್ಹಾಡಾವೋ ಶೌಚಾಲಯ ಕಟ್ಟಿ ಬಿಟ್ಟುಹೋಗುವ ಪದ್ಧತಿ ಇತ್ತು. ನೀರಿಲ್ಲ, ದೀಪವಿಲ್ಲ, ಮುರಿದ ಬಾಗಿಲಿಗೆ ಹೇಳುವವರು ಕೇಳುವವರಿಲ್ಲ. ಹೊಸ ಕಾರ್ಯಕ್ರಮ ಕ್ರಮವನ್ನೇ ತಿರುವಿ ಹಾಕಿತು. ಮೊದಲು ಬಸ್ತಿಯ ಜನ ಸಂಘ ಕಟ್ಟಬೇಕು. ವಯಸ್ಕರೊಬ್ಬರಿಗೆ 100 ರೂಪಾಯಿ, ಒಂದು ಕುಟುಂಬಕ್ಕೆ ಹೆಚ್ಚೆಂದರೆ 500 ರೂಪಾಯಿ ವಂತಿಗೆ ಕೂಡಿಸಿ ಬ್ಯಾಂಕಿನಲ್ಲಿಡಬೇಕು. ಆ ಮೇಲೆ ಪಾಲಿಕೆ ತನ್ನ ಖರ್ಚಿನಲ್ಲಿ ಕಟ್ಟಡ ಕಟ್ಟಿಕೊಡುತ್ತದೆ, ನಡೆಸುವ ಹೊಣೆ ಸಂಘದ್ದು. ಸ್ಪಾರ್ಕ್ ಸಂಸ್ಥೆ, ರಾಷ್ಟ್ರೀಯ ಝೋಪಡಪಟ್ಟಿ ನಿವಾಸಿಗಳ ಒಕ್ಕೂಟ ಮತ್ತು ಮಹಿಳಾ ಮಿಲನ್ ಇದರಲ್ಲಿ ದುಡಿದವು. ಹೀಗೆ ಕಟ್ಟಿದ ಶೌಚಾಲಯಗಳಲ್ಲಿ ಹೆಂಗಸರಿಗೆ ಬೇರೆ ಬಾಗಿಲು, ಮಕ್ಕಳಿಗೆ ತಗ್ಗಾದ ಬೇರೆ ಜಾಗ, ಬಾಗಿಲ ಬಳಿ ಮೇಜು ಹಾಕಿ ಕುಳಿತ ಮೇಲ್ವಿಚಾರಕ, ಅವನ ಕುಟುಂಬಕ್ಕೆ ಕಟ್ಟಡದಲ್ಲೇ ಒಂದು ಕೋಣೆ, ಮನೆಗೊಂದು ತಿಂಗಳ ಪಾಸು. 2005ರ ವೇಳೆಗೆ 328 ಶೌಚಾಲಯಗಳು, ಐದು ಸಾವಿರಕ್ಕೂ ಹೆಚ್ಚು ಸೀಟುಗಳು ಸಿದ್ಧವಾಗಿದ್ದವು. ಮೇಲ್ವಿಚಾರಕ ಅಲ್ಲೇ ವಾಸವಿದ್ದರೆ ನಲ್ಲಿ ಒಡೆದ ದಿನವೇ ಪ್ಲಂಬರ್ ಬರುತ್ತಾನೆ. ವಂತಿಗೆ ಕೊಟ್ಟ ಹೆಂಗಸು ದೀಪ ಯಾಕೆ ಉರಿಯುತ್ತಿಲ್ಲ ಎಂದು ದಬಾಯಿಸಿ ಕೇಳುತ್ತಾಳೆ. ಅನುದಾನದ ಜೊತೆಗೆ ಅಧಿಕಾರವೂ ಹೋಗಿದ್ದರ ಫಲ ಇದು.

ಎಲ್ಲ ಕಡೆ ಚೆನ್ನಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಸಂಘಗಳು ಒಬ್ಬಿಬ್ಬರ ಸ್ವಂತ ದಂಧೆಯಾದವು. ಇನ್ನು ಕೆಲವನ್ನು ಆಡಳಿತವೇ ಸೋಲಿಸಿತು: ಬಡವರ ಶೌಚಾಲಯಕ್ಕೆ ಕರೆಂಟು ಮತ್ತು ನೀರಿನ ಬಿಲ್ಲನ್ನು ವಾಣಿಜ್ಯ ದರದಲ್ಲಿ ಹಾಕಿದರೆ ತಿಂಗಳ ಪಾಸಿನ ಹಣ ಎಲ್ಲಿಗೆ ಸಾಲುತ್ತದೆ? ಆದರೆ ದುರಸ್ತಿಯ ಹೊಣೆ ತಪ್ಪಿದ ಕಡೆ ಆದದ್ದು ಇನ್ನೂ ಕೆಟ್ಟದ್ದು. 2017ರ ಫೆಬ್ರುವರಿಯಲ್ಲಿ ಮಾನ್‌ಖುರ್ದ್‌ನ ಇಂದಿರಾ ನಗರದಲ್ಲಿ ಸಾರ್ವಜನಿಕ ಶೌಚಾಲಯದ ನೆಲ ಕುಸಿದು, ಕೆಳಗಿನ ಸೆಪ್ಟಿಕ್ ಟ್ಯಾಂಕಿಗೆ ಬಿದ್ದು ಮೂವರು ಸತ್ತರು. ಶಾಸಕರ ನಿಧಿ, ಸಂಸದರ ನಿಧಿಯಲ್ಲಿ ಒಂದು ಇಲಾಖೆ ಕಟ್ಟುತ್ತದೆ. ಟ್ಯಾಂಕು ಖಾಲಿ ಮಾಡಿಸಬೇಕಾದದ್ದು, ಸ್ಲ್ಯಾಬು ತಪಾಸಣೆ ಮಾಡಿಸಬೇಕಾದದ್ದು ಇನ್ನಾರೋ. ಗೋಡೆಯ ಮೇಲೆ ಅನುದಾನ ಕೊಟ್ಟ ಜನಪ್ರತಿನಿಧಿಯ ಹೆಸರು ಹಾಲುಗಲ್ಲಿನಲ್ಲಿ ಕೆತ್ತಿರುತ್ತದೆ, ದುರಸ್ತಿ ಯಾರದೆಂದು ಎಲ್ಲೂ ಬರೆದಿರುವುದಿಲ್ಲ.

ಕಾಯುವ ಖರ್ಚು ಲೆಕ್ಕಕ್ಕೆ ಬಾರದಿದ್ದರೆ ಕಟ್ಟುವ ನಕ್ಷೆಯೂ ಕೆಡುತ್ತದೆ. ಮುಂದಿನ ಬಿಲ್ಲು ತನ್ನದಲ್ಲ ಎಂದಾದವನಿಗೆ ಗಾಳಿ-ಬೆಳಕು ದಂಡದ ಖರ್ಚು. ರಸ್ತೆ, ರೈಲು ಯೋಜನೆಗಳಿಂದ ಎತ್ತಂಗಡಿಯಾದವರಿಗೆ ಕಟ್ಟಿದ ಲಲ್ಲುಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್‌ಗಳಲ್ಲಿ ಕಟ್ಟಡ-ಕಟ್ಟಡಗಳ ನಡುವೆ ಕೆಲವೇ ಅಡಿ ಅಂತರ. ಕೆಳ ಮಹಡಿಗಳಲ್ಲಿ ಹಗಲೂ ದೀಪ ಉರಿಸಬೇಕು. ‘ಡಾಕ್ಟರ್ಸ್ ಫಾರ್ ಯು’ ಸಂಸ್ಥೆ ನಡೆಸಿ 2018ರಲ್ಲಿ ಹೊರಬಂದ ಅಧ್ಯಯನ ಈ ಎರಡನ್ನೂ ಹತ್ತಿರದ ಪಿಎಂಜಿಪಿ ಕಾಲೊನಿಯ ಜೊತೆ ಹೋಲಿಸಿತು. ಇಕ್ಕಟ್ಟಿನ ಎರಡು ಕಾಲೊನಿಗಳಲ್ಲಿ ಕ್ಷಯ ಕಂಡ ಮನೆಗಳು ಹಲವು ಪಟ್ಟು ಹೆಚ್ಚು. ಕೆಳ ಮಹಡಿಗಳಲ್ಲಿ ರೋಗದ ಹಾವಳಿ ಇನ್ನೂ ಜೋರು. ಮನೆಮಂದಿ ಹೇಳಿದ್ದನ್ನು ನಂಬಿ ಮಾಡಿದ ಸಮೀಕ್ಷೆ, ಆದಾಯದ ವ್ಯತ್ಯಾಸವೂ ಇದ್ದೀತು ಎಂದು ತಜ್ಞರು ಆಕ್ಷೇಪಿಸಬಹುದು, ಸರಿಯೇ. ಆದರೂ ಒಂದೇ ವಾರ್ಡಿನ, ಒಂದೇ ಬಗೆಯ ಜನರ ನಡುವೆ ಇಷ್ಟು ಅಂತರವನ್ನು ಕಾಕತಾಳೀಯ ಎನ್ನಲಾಗದು. ಅನುದಾನದ ಕಾಲದಲ್ಲಿ ಕಟ್ಟಿದ ಕಾಲೊನಿಯಲ್ಲಿ ಗಾಳಿಯಾದರೂ ಆಡುತ್ತಿತ್ತು. ಅಂದರೆ ಅನುದಾನವೇ ಕೆಟ್ಟದ್ದಲ್ಲ. ಅದು ಅರ್ಧ ದಾರಿಯಲ್ಲಿ ಕೈಬಿಟ್ಟದ್ದು ಕೆಟ್ಟದ್ದು.

‘ಎಫ್‌ಎಸ್‌ಐ (ಹೆಚ್ಚು ಕಟ್ಟುವ ಹಕ್ಕು) ಕೊಟ್ಟರೆ ಬಿಲ್ಡರೇ ಪುಕ್ಕಟೆ ಮನೆ ಕಟ್ಟಿಕೊಡುತ್ತಾನೆ, ಸರ್ಕಾರದ ಹಣ ಯಾಕೆ ಬೇಕು?’ ಎಂಬುದು ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ. 1995ರಲ್ಲಿ ಎಂಟು ಲಕ್ಷ ಕುಟುಂಬಗಳಿಗೆ, ಅಂದರೆ 40 ಲಕ್ಷ ಜನರಿಗೆ ಉಚಿತ ಮನೆ ಎಂಬ ಘೋಷಣೆಯೊಂದಿಗೆ ಆ ದಾರಿ ಹಿಡಿದದ್ದು. ಮೂರು ದಶಕ ಕಳೆದರೂ ಆ ಗುರಿಯ ಅರ್ಧವೂ ಮುಟ್ಟಿಲ್ಲ. 2011ರ ಜನಗಣತಿಯಲ್ಲಿ ಬೃಹನ್ಮುಂಬಯಿಯ 1.24 ಕೋಟಿ ಜನರಲ್ಲಿ 52 ಲಕ್ಷದಷ್ಟು ಮಂದಿ ಝೋಪಡಪಟ್ಟಿಯಲ್ಲೇ ಇದ್ದರು. ಜಾಗಕ್ಕೆ ಬೆಲೆ ಬರುವ ಕಡೆ ಬಿಲ್ಡರ್ ಬರುತ್ತಾನೆ. ನಾಲೆಯ ಅಂಚಿಗೆ, ಗುಡ್ಡದ ಇಳಿಜಾರಿಗೆ, ಡಂಪಿಂಗ್ ಗ್ರೌಂಡಿನ ಮಗ್ಗುಲಿಗೆ ಬರುವುದಿಲ್ಲ. ತಡೆಗೋಡೆಗೂ ಚರಂಡಿಗೂ ಮಾರಲು ಎಫ್‌ಎಸ್‌ಐ ಇರುವುದಿಲ್ಲ. 2019ರ ಜುಲೈ ಮಳೆಯಲ್ಲಿ ಮಲಾಡ್‌ನ ಪಿಂಪ್ರಿಪಾಡಾದಲ್ಲಿ ಗೋಡೆ ಬಿದ್ದು ಸುಮಾರು 30 ಜನ ಸತ್ತ ಜಾಗಕ್ಕೆ ಯಾವ ಮಾರುಕಟ್ಟೆಯೂ ಪರಿಹಾರ ತರಲಾರದು. ಇನ್ನು ಮಾರುಕಟ್ಟೆ ನಡೆಯುವ ಕಡೆಯೂ ಸಣ್ಣ ಅನುದಾನ ದೊಡ್ಡ ಕೆಲಸ ಮಾಡಬಲ್ಲದು. ಬ್ರಿಟನ್ ಮತ್ತು ಸ್ವೀಡನ್ ಸರ್ಕಾರಗಳ ನೆರವಿನಿಂದ 2002ರಲ್ಲಿ ಬಂದ ಕ್ಲಿಫ್ ಎಂಬ ನಿಧಿ, ಹಣವನ್ನು ದಾನ ಮಾಡದೆ ಸಾಲವಾಗಿ, ಬ್ಯಾಂಕಿಗೆ ಖಾತರಿಯಾಗಿ ಬಳಸಿತು. ಇಂಥ ಬೆಂಬಲದಿಂದಲೇ ಧಾರಾವಿಯ ರಾಜೀವ್-ಇಂದಿರಾ ಸೊಸೈಟಿಯ ನಿವಾಸಿಗಳು, ಸಿಟಿಬ್ಯಾಂಕ್ ಸಾಲ ತಂದು, ಬಿಲ್ಡರ್ ಜಾಗದಲ್ಲಿ ತಾವೇ ನಿಂತು ಕಟ್ಟಡ ಎಬ್ಬಿಸಿದರು. ಮುಗಿದ ಮೇಲೆ ಅದೇ ಹಣ ಇನ್ನೊಂದು ಸೊಸೈಟಿಗೆ ಹೋಗಬಹುದಾದಂಥ ಏರ್ಪಾಡು ಅದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬಾಂದ್ರಾದ ಶ್ರೀಮಂತ ತನ್ನ ಶೌಚಕ್ಕೆ ಸಂಘ ಕಟ್ಟಬೇಕಾಗಿಲ್ಲ, ಪಾಲಿಕೆಯ ಒಳಚರಂಡಿ ಅವನ ಬಾಗಿಲಿಗೆ ಬಂದಿದೆ. ಹಾಗಿರುವಾಗ ಕಲಬುರಗಿಯಿಂದಲೋ ವಿಜಯಪುರದಿಂದಲೋ ಬಂದು ಇದೇ ಊರಿನ ಗೋಪುರಗಳಿಗೆ ಇಟ್ಟಿಗೆ ಹೊತ್ತವನಿಗೆ ಮಾತ್ರ ವಂತಿಗೆ, ಸಭೆ, ಮೇಲುಸ್ತುವಾರಿಯ ಹೊರೆ ಯಾಕೆ? ಈ ಪ್ರಶ್ನೆ ನ್ಯಾಯವಾದದ್ದು. ಹಾಗಾಗಿ ಗೆರೆ ಎಳೆಯಬೇಕು. ಬೀದಿಯ ತನಕದ ಮುಖ್ಯ ಕೊಳವೆ, ನೀರು, ತಡೆಗೋಡೆ, ಸ್ಲ್ಯಾಬಿನ ತಪಾಸಣೆ ಪಾಲಿಕೆಯ ಕರ್ತವ್ಯ; ಅದನ್ನು ಜನರ ತಲೆಗೆ ಕಟ್ಟಕೂಡದು. ದಿನನಿತ್ಯದ ಸ್ವಚ್ಛತೆ, ಸಣ್ಣ ದುರಸ್ತಿ, ಯಾರನ್ನು ಕೆಲಸಕ್ಕಿಡಬೇಕೆಂಬ ತೀರ್ಮಾನ ಅಲ್ಲಿಯವರದಾಗಬೇಕು, ಅದಕ್ಕೆ ಬೇಕಾದ ಇಡಗಂಟು ಅನುದಾನದಿಂದಲೇ ಬರಬೇಕು. ಸಂಘವನ್ನು ದಾದಾಗಳು ಕಬಳಿಸುತ್ತಾರೆ ಎನ್ನುವವರಿಗೆ ಉತ್ತರವೂ ಇದರಲ್ಲೇ ಇದೆ: ಹೆಂಗಸರ ಸಹಿ ಇಲ್ಲದೆ ತೆಗೆಯಲಾಗದ ಜಂಟಿ ಖಾತೆ, ಗೋಡೆಯ ಮೇಲೆ ತಿಂಗಳ ಲೆಕ್ಕ, ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ. ಕಬಳಿಕೆಯ ಭಯಕ್ಕೆ ಅಧಿಕಾರವನ್ನು ಕಚೇರಿಯಲ್ಲೇ ಇಟ್ಟುಕೊಂಡರೆ ಅಲ್ಲಿ ಕಬಳಿಸುವವರು ಇಲ್ಲವೆ? 2022ರ ಮಾರ್ಚ್‌ನಿಂದ ಹೆಚ್ಚುಕಡಿಮೆ ನಾಲ್ಕು ವರ್ಷ ಈ ನಗರಕ್ಕೆ ಚುನಾಯಿತ ನಗರಸೇವಕರೇ ಇರಲಿಲ್ಲ. ಆಗ ವಾರ್ಡಿನ ಹಣ ಎಲ್ಲಿಗೆ ಹೋಯಿತೆಂದು ಬಸ್ತಿಯವರು ಕೇಳಲು ಒಂದು ಮುಖವೂ ಇರಲಿಲ್ಲ.

ಇದು ಹೊರದೇಶದಿಂದ ತಂದ ಹೊಸ ಬುದ್ಧಿಯೇನಲ್ಲ. ನಮ್ಮ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಸುದ್ದಿಯ ಜೊತೆಗೇ ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟ ಕೊಡಗೆ ಭೂಮಿಯ ವಿವರ ಬರುತ್ತದೆ. ಹೂಳೆತ್ತುವ ಬಂಡಿಯ ಖರ್ಚಿಗೂ ಹುಟ್ಟುವಳಿ ಗೊತ್ತುಮಾಡಿದ್ದುಂಟು. ಹೂಳು ತುಂಬುವುದು ಖಂಡಿತ ಎಂದು ಬಲ್ಲವರ ವ್ಯವಹಾರಜ್ಞಾನ ಅದು. ಮುಂಬಯಿಯ ಅನುದಾನ ಆದೇಶಗಳಿಗೆ ಅಷ್ಟು ಜ್ಞಾನ ಸಾಕು. ಕೇಂದ್ರದ ವಸತಿ ಯೋಜನೆಯಿರಲಿ, ಪಾಲಿಕೆಯ ಬಜೆಟ್ಟಿರಲಿ, ಕಂಪನಿಗಳ ಸಿಎಸ್‌ಆರ್ ಹಣವಿರಲಿ, ಪ್ರತಿ ಆದೇಶದಲ್ಲೂ ಮೂರು ಕಲಮುಗಳು ಕಡ್ಡಾಯವಾಗಲಿ: ವಾರ್ಷಿಕ ದುರಸ್ತಿ ವೆಚ್ಚವನ್ನು ಹೊರುವಷ್ಟು ಬಡ್ಡಿ ತರುವ ಇಡಗಂಟು ನಿವಾಸಿಗಳ ಸಂಘದ ಹೆಸರಿನಲ್ಲಿ, ಯಾವ ಭಾಗದ ಹೊಣೆ ಪಾಲಿಕೆಯದು, ಯಾವುದು ಸಂಘದ್ದು ಎಂಬ ಸ್ಪಷ್ಟ ಪಟ್ಟಿ, ಐದು ಮತ್ತು ಹತ್ತನೆಯ ವರ್ಷದಲ್ಲಿ ಕಟ್ಟಡದ ತಪಾಸಣೆ ನಡೆದು ವರದಿ ಸಾರ್ವಜನಿಕವಾಗುವ ಷರತ್ತು. ಇದರಿಂದ ಅದೇ ಹಣದಲ್ಲಿ ಕಟ್ಟುವ ಮನೆಗಳ ಸಂಖ್ಯೆ ಮೊದಲ ವರ್ಷ ಕಡಿಮೆ ಕಾಣುತ್ತದೆ, ಉದ್ಘಾಟನೆಯ ಭಾಷಣಕ್ಕೆ ಅದು ಸೊಗಸಲ್ಲ. ಆದರೆ ಜೋಗೇಶ್ವರಿಯ 984 ಘಟಕಗಳನ್ನು ಒಂದೇ ತಲೆಮಾರಿನಲ್ಲಿ ಎರಡು ಸಲ ಕಟ್ಟುವ ಖರ್ಚಿನ ಮುಂದೆ ಆ ಇಡಗಂಟು ತೀರಾ ಅಗ್ಗ. ಪೂನಂ ನಗರದಲ್ಲಿ ಈಗ ಎದ್ದೇಳಲಿರುವ ಹೊಸ ಕಟ್ಟಡಗಳ ಒಪ್ಪಂದದಿಂದಲೇ ಈ ಮೂರು ಕಲಮುಗಳು ಶುರುವಾಗಲಿ.